ದೇಗುಲ ಕಟ್ಟಿದ ಕೈಗಳು: ಹೊರಗಿನ ಕುಶಲಿಗರು ಮತ್ತು ಊರವರ ಹೊಣೆ

ಶ್ರೀ ದೇವರ ಪರಮಾನುಗ್ರಹದಿಂದ ನಮ್ಮ ಕ್ಷೇತ್ರದ ಜೀರ್ಣೋದ್ಧಾರ ಕಾರ್ಯ ಪೂರ್ಣಗೊಂಡು ಬ್ರಹ್ಮಕಲಶೋತ್ಸವ ನೆರವೇರುತ್ತಿರುವ ಈ ಶುಭಸಂದರ್ಭದಲ್ಲಿ ಸ್ಮರಣ ಸಂಚಿಕೆಗಾಗಿ ನಾಲ್ಕು ಮಾತು ಬರೆಯಬೇಕೆಂದು ಸಮಿತಿಯವರು ಅಪೇಕ್ಷಿಸಿದರು. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತು ವರ್ಷ ಓವರ್‌ಸಿಯರ್ ಆಗಿ ದುಡಿದವನಿಗೆ ಗೊತ್ತಿರುವುದು ಕಲ್ಲು, ಮರ, ಸುಣ್ಣ, ಸಿಮೆಂಟುಗಳ ಲೆಕ್ಕ ಮಾತ್ರ. ಆದುದರಿಂದ ಅದನ್ನೇ ಬರೆಯುತ್ತೇನೆ.

ಕೆಲಸ ನಡೆಯುತ್ತಿದ್ದ ದಿನಗಳಲ್ಲಿ ನಮ್ಮ ಊರ ಹಿರಿಯರೊಬ್ಬರು ಸಂಜೆ ಹೊತ್ತು ಬಂದು ಅಶ್ವತ್ಥಕಟ್ಟೆಯಲ್ಲಿ ಕುಳಿತುಕೊಳ್ಳುತ್ತಿದ್ದರು. ಅವರದ್ದು ದಿನಾಲೂ ಒಂದೇ ಮಾತು. "ನಮ್ಮ ಅಜ್ಜಂದಿರ ಕಾಲದಲ್ಲಿ ಊರವರೇ ಕಟ್ಟಿದ್ದಲ್ಲವೋ? ಈಗ ನಕ್ಷೆ ಒಬ್ಬನದ್ದು, ಕಲ್ಲು ಕೆತ್ತುವವ ಇನ್ನೊಬ್ಬ, ಮರದ ಕೆಲಸಕ್ಕೆ ಮತ್ತೊಬ್ಬ. ಎಲ್ಲ ಹೊರಗಿನವರೇ. ನಮ್ಮದು ಅಂತ ಇದರಲ್ಲಿ ಏನುಂಟು ಮಾರಾಯ್ರೇ?"

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಬಿಡುವಂತಿಲ್ಲ. ಹೊರಗಿನವರಿಗೆ ಕೆಲಸ ಒಪ್ಪಿಸುವುದಕ್ಕೆ ಈಗ 'ಹೊರಗುತ್ತಿಗೆ' ಎಂಬ ಹೆಸರು ಬಂದಿದೆ. ಹೆಸರು ಹೊಸತು, ಕ್ರಮ ಹಳೆಯದು. ನಮ್ಮ ನಾಡಿನ ಶ್ರೇಷ್ಠ ದೇವಾಲಯಗಳ ಚರಿತ್ರೆಯನ್ನು ಬಿಡಿಸಿ ನೋಡಿದರೆ, ಅವುಗಳಲ್ಲಿ ಬಹಳಷ್ಟನ್ನು ಕಟ್ಟಿದವರು ಬೇರೆ ಊರುಗಳಿಂದ ಬಂದ ಆಚಾರಿಗಳೇ. ಹಾಗಾದರೆ ಊರವರದ್ದು ಏನು? ಅದನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಪಟ್ಟದಕಲ್ಲಿನ ಸೂತ್ರಧಾರಿ

ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ (ಆಳ್ವಿಕೆ ಕ್ರಿ.ಶ. 733-744) ಪಲ್ಲವರ ಕಾಂಚಿಯನ್ನು ಗೆದ್ದವನು. ಗೆದ್ದ ಊರನ್ನು ಅವನು ಸುಲಿಯಲಿಲ್ಲ. ಅಲ್ಲಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ಕಂಡು ಅದನ್ನು ದೇವರಿಗೇ ಬಿಟ್ಟುಕೊಟ್ಟ ಸಂಗತಿ ಆ ದೇವಾಲಯದ ಕಂಬದ ಮೇಲೆ ಕನ್ನಡದಲ್ಲೇ ಬರೆಯಲ್ಪಟ್ಟಿದೆ. ಆ ವಿಜಯದ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಲೋಕೇಶ್ವರ ದೇವಾಲಯವನ್ನು ಕಟ್ಟಿಸಿದಳು. ಇಂದು ನಾವು ವಿರೂಪಾಕ್ಷ ಎಂದು ಕರೆಯುವ ಗುಡಿ ಅದೇ. ಕಾಂಚಿಯ ಕೈಲಾಸನಾಥನ ಗುಡಿಗೂ ಇದಕ್ಕೂ ಇರುವ ಹೋಲಿಕೆ ನೋಡಿದವರಿಗೆ ತಿಳಿಯುತ್ತದೆ.

ಈ ಗುಡಿಯ ಶಾಸನಗಳು ಕಟ್ಟಿಸಿದ ರಾಣಿಯನ್ನು ಹೆಸರಿಸುವಂತೆಯೇ ಕಟ್ಟಿದ ಸೂತ್ರಧಾರಿ ಗುಂಡನನ್ನೂ ಹೆಸರಿಸುತ್ತವೆ. ಅವನಿಗೆ ಅನಿವಾರಿತಾಚಾರಿ ಎಂಬ ಹೆಸರು, ತ್ರಿಭುವನಾಚಾರಿ ಎಂಬ ಬಿರುದು, ಜತೆಗೆ ಗೌರವದ ಪಟ್ಟ. ಅಲ್ಲಿಯದೇ ಇನ್ನೊಂದು ಶಾಸನ ಸರ್ವಸಿದ್ಧಿ ಆಚಾರಿಯನ್ನು ಹೊಗಳುತ್ತಾ, ಅವನು ಮನೆ, ಪ್ರಾಸಾದ, ವಾಹನ, ಆಸನ, ಶಯನ, ಕಿರೀಟ ಮುಂತಾದ ಎಲ್ಲದರ ನಿರ್ಮಾಣವನ್ನೂ ಬಲ್ಲವನೆಂದು ಹೇಳಿ, 'ತೆಂಕಣ ದಿಸೆಯ ಸೂತ್ರಧಾರಿ' ಎಂದು ಕರೆಯುತ್ತದೆ. ತೆಂಕಣ ದಿಸೆ ಎಂದರೆ ದಕ್ಷಿಣದ ಕಡೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ವಿದ್ಯೆ ಎಲ್ಲಿದೆಯೋ ಅಲ್ಲಿಂದ ಅದನ್ನು ಗೌರವದಿಂದ ಬರಮಾಡಿಕೊಳ್ಳಲು ನಮ್ಮ ಅರಸರು ಹಿಂಜರಿಯಲಿಲ್ಲ. ಎರಡನೆಯದಾಗಿ, ಬಂದವನ ಹೆಸರನ್ನು ಮುಚ್ಚಿಡಲಿಲ್ಲ. ಸುಮಾರು ಹದಿಮೂರು ಶತಮಾನಗಳ ನಂತರವೂ ನಾವು ಗುಂಡನನ್ನು ನೆನೆಯುವುದು ಆ ಕಲ್ಲಿನ ಅಕ್ಷರಗಳಿಂದಾಗಿ.

ಬೇಲೂರಿನಿಂದ ನುಗ್ಗೇಹಳ್ಳಿಗೆ

ಹೊಯ್ಸಳರ ಕಾಲಕ್ಕೆ ಬಂದರೆ ಈ ಕ್ರಮ ಇನ್ನೂ ಸ್ಪಷ್ಟವಾಗುತ್ತದೆ. ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಅಲ್ಲಿನ ಮದನಿಕೆಯರ ಪೀಠಗಳಲ್ಲಿ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಚಿಕ್ಕಹಂಪ, ನಾಗೋಜ, ಹೀಗೆ. ಬಳ್ಳಿಗಾವೆ ಇರುವುದು ಈಗಿನ ಶಿಕಾರಿಪುರ ತಾಲೂಕಿನಲ್ಲಿ. ತಂದೆ ಮಗ ಇಬ್ಬರೂ ಉಳಿ ಸುತ್ತಿಗೆ ಹಿಡಿದು ಅಷ್ಟು ದೂರದಿಂದ ಕೆಲಸಕ್ಕೆ ಬಂದವರು. ಕೆಲವರು ತಮ್ಮ ಹೆಸರಿನ ಜತೆ ಎದುರಾಳಿ ಶಿಲ್ಪಿಗಳಿಗೆ ಸವಾಲು ಹಾಕುವಂತಹ ಬಿರುದುಗಳನ್ನೂ ಕೆತ್ತಿಕೊಂಡಿದ್ದಾರೆ.

ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವುದು ಜಕಣಾಚಾರಿಯ ಕಥೆ. ಕಪ್ಪೆ ಚೆನ್ನಿಗರಾಯ, ಮಗ ಡಂಕಣ ತೋರಿಸಿದ ದೋಷ, ತಂದೆ ಕತ್ತರಿಸಿಕೊಂಡ ಕೈ, ಇವನ್ನೆಲ್ಲ ನಾವು ಚಿಕ್ಕಂದಿನಿಂದಲೂ ಕೇಳಿದ್ದೇವೆ. ಕಥೆ ಸೊಗಸಾಗಿದೆ. ಆದರೆ ಬೇಲೂರಿನ ಸಹಿಗಳಲ್ಲಿ ಆ ಹೆಸರಿಲ್ಲ. ಒಬ್ಬನ ಪವಾಡವೆಂದು ನಾವು ನಂಬಿದ ಕೆಲಸವನ್ನು ವಾಸ್ತವದಲ್ಲಿ ಮಾಡಿದವರು ಬೇರೆ ಬೇರೆ ಊರುಗಳ ಹಲವಾರು ಮಂದಿ. ನಿಜವಾದ ಹೆಸರುಗಳು ಕಲ್ಲಿನಲ್ಲಿ ಕಾದು ಕುಳಿತಿರುವಾಗ ಅವನ್ನು ಓದುವ ಶ್ರಮವನ್ನು ನಾವು ತೆಗೆದುಕೊಳ್ಳಲಿಲ್ಲ, ಅಷ್ಟೆ.

ಚನ್ನರಾಯಪಟ್ಟಣ ತಾಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ ಇನ್ನೂ ಒಳ್ಳೆಯ ಉದಾಹರಣೆ. ಅದರ ದಕ್ಷಿಣ ಭಾಗದ ಶಿಲ್ಪಗಳಲ್ಲಿ ಬೈಚೋಜನ ಹೆಸರು, ಉತ್ತರ ಭಾಗದಲ್ಲಿ ಮಲ್ಲಿತಮ್ಮನ ಹೆಸರು. ಒಂದೇ ಗುಡಿಯ ಕೆಲಸವನ್ನು ಇಬ್ಬರಿಗೆ ಪಾಲು ಮಾಡಿ ಒಪ್ಪಿಸಿದ ರೀತಿ ಇದು. ಯಾವ ಮೂರ್ತಿ ಯಾರ ಕೈಯದ್ದೆಂದು ಇಂದಿಗೂ ಹೇಳಬಹುದು. ಮಲ್ಲಿತಮ್ಮನ ಹೆಸರು ಸೋಮನಾಥಪುರದ ಕೇಶವ ದೇವಾಲಯದಲ್ಲಿಯೂ ಇದೆ. ಅಂದರೆ ಅವನು ಒಂದು ಕೆಲಸ ಮುಗಿಸಿ ಇನ್ನೊಂದು ಊರಿಗೆ ಕರೆ ಬಂದಾಗ ಹೋಗುತ್ತಿದ್ದವನು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಜಗತ್ತು ಗೌರವಿಸಿದ್ದು ಈ ಅಲೆಮಾರಿ ಕುಶಲಿಗರನ್ನೂ ಹೌದು.

ನಾಲ್ವರ ಕೆಲಸ, ಒಬ್ಬನ ಹೊಣೆ

ಹೀಗೆ ಹಲವು ಕಡೆಗಳ ಜನ ಬಂದು ಮಾಡುವ ಕೆಲಸ ಕೆಡದಂತೆ ನೋಡಿಕೊಳ್ಳಲು ನಮ್ಮ ಶಾಸ್ತ್ರಗಳಲ್ಲಿ ಒಂದು ಏರ್ಪಾಡಿತ್ತು. 'ಮಯಮತ', 'ಮಾನಸಾರ' ಮುಂತಾದ ಗ್ರಂಥಗಳು ನಾಲ್ವರನ್ನು ಹೇಳುತ್ತವೆ. ಸ್ಥಪತಿ, ಸೂತ್ರಗ್ರಾಹಿ, ತಕ್ಷಕ ಮತ್ತು ವರ್ಧಕಿ. ಒಟ್ಟು ಯೋಜನೆ ಸ್ಥಪತಿಯದ್ದು. ನೂಲು ಹಿಡಿದು ಅಳತೆ ಹಾಕುವವನು ಸೂತ್ರಗ್ರಾಹಿ. ಕಡಿದು ಕೆತ್ತುವವನು ತಕ್ಷಕ. ಕೆತ್ತಿದ್ದನ್ನು ಜೋಡಿಸಿ ನಿಲ್ಲಿಸುವವನು ವರ್ಧಕಿ. ಕೆಲಸ ನಾಲ್ವರದ್ದಾದರೂ ತಪ್ಪು ಒಪ್ಪುಗಳಿಗೆ ಉತ್ತರ ಕೊಡಬೇಕಾದವನು ಸ್ಥಪತಿಯೇ.

ನಮ್ಮ ಕಾಸರಗೋಡಿನ ಕಡೆ ತಚ್ಚುಶಾಸ್ತ್ರದ ಪದ್ಧತಿ. ಕೋಲು, ಅಂಗುಲಗಳ ಲೆಕ್ಕ, ಆಯದ ವಿಚಾರ, ಮಳೆಗೆ ತಕ್ಕಂತೆ ಇಳಿಜಾರಿನ ಮಾಡು. ಚೇನ್ನಾಸ್ ನಾರಾಯಣನ್ ನಂಬೂದಿರಿಯವರು ಹದಿನೈದನೆಯ ಶತಮಾನದಲ್ಲಿ ರಚಿಸಿದ 'ತಂತ್ರಸಮುಚ್ಚಯ'ದಲ್ಲಿ ಪೂಜಾವಿಧಿಗಳ ಜತೆಗೇ ಪ್ರಾಸಾದ ನಿರ್ಮಾಣದ ವಿಷಯವೂ ಬರುತ್ತದೆ. ಇಲ್ಲಿಯೂ ಕೆಲವು ವಿದ್ಯೆಗಳು ಎಲ್ಲ ಊರುಗಳಲ್ಲಿ ದೊರೆಯುವಂತಹವಲ್ಲ. ಅನಂತಪುರದ ಸರೋವರ ದೇವಾಲಯ ಹೆಸರಾಗಿರುವುದು ಕಡುಶರ್ಕರ ಪಾಕದ ಮೂರ್ತಿಗಳಿಗೆ. ಆ ಪಾಕವನ್ನು ಬಲ್ಲವರು ಎಲ್ಲಿದ್ದಾರೋ ಅಲ್ಲಿಂದಲೇ ಕರೆಸಬೇಕು.

ಈಗ ನಮ್ಮ ಆಮಂತ್ರಣ ಪತ್ರಿಕೆಯನ್ನು ಒಮ್ಮೆ ತೆರೆದು ನೋಡಿ. ಬ್ರಹ್ಮಕಲಶೋತ್ಸವದ ಮೊದಲ ದಿನಗಳ ಕಾರ್ಯಕ್ರಮಗಳಲ್ಲಿ 'ಆಚಾರ್ಯವರಣ' ಇದೆ, 'ಆಲಯ ಪರಿಗ್ರಹ' ಇದೆ. ಆಚಾರ್ಯವರಣವೆಂದರೆ ಹೊಣೆ ಹೊರುವವರನ್ನು ಹತ್ತು ಸಮಸ್ತರ ಎದುರಿನಲ್ಲಿ ಕೈಮುಗಿದು ಆರಿಸಿಕೊಳ್ಳುವುದು. ಆಲಯ ಪರಿಗ್ರಹವೆಂದರೆ ಶಿಲ್ಪಿಗಳನ್ನು ಗೌರವಿಸಿ, ತೃಪ್ತಿಪಡಿಸಿ, ಅವರ ಕೈಯಿಂದ ಆಲಯವನ್ನು ಸ್ವೀಕರಿಸುವುದು. ಅಲ್ಲಿಯ ತನಕ ಕಟ್ಟಡ ಶಿಲ್ಪಿಯ ಕೈಯಲ್ಲಿ, ಆ ಮೇಲೆ ದೇವರದ್ದು ಮತ್ತು ಊರಿನದ್ದು. ಸರಕಾರಿ ಕೆಲಸದಲ್ಲಿ ನಾವು ಪೂರ್ತಿ ಪ್ರಮಾಣಪತ್ರ ಎಂದು ಬರೆದುಕೊಡುತ್ತಿದ್ದ ಕಾಗದದ ಹಿಂದಿರುವ ಅರ್ಥವೂ ಇದೇ. ಆದರೆ ನಮ್ಮ ಹಿರಿಯರು ಅದನ್ನು ಬರಿಯ ಕಾಗದವಾಗಿಸದೆ ಒಂದು ಧಾರ್ಮಿಕ ವಿಧಿಯಾಗಿಸಿದರು.

ಹಂಚು, ಟೆಂಡರು ಮತ್ತು ಮೆಜರ್‌ಮೆಂಟ್ ಪುಸ್ತಕ

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಏರ್ಪಾಡು ಸಡಿಲವಾಯಿತು. ಡಾಲ್‌ಹೌಸಿಯ ಆಡಳಿತದಲ್ಲಿ 1854ರಲ್ಲಿ ಲೋಕೋಪಯೋಗಿ ಇಲಾಖೆ ಪ್ರತ್ಯೇಕವಾಗಿ ರೂಪುಗೊಂಡಿತು. ಕಾಸರಗೋಡು ಆಗ ಮದ್ರಾಸು ಪ್ರಾಂತ್ಯದ ಕನ್ನಡ ಜಿಲ್ಲೆಯ ಭಾಗ. ಇಲಾಖೆಯಲ್ಲಿ ನಕ್ಷೆ ಮಾಡುವವರು ಬೇರೆ, ಟೆಂಡರು ಹಿಡಿದು ಕೆಲಸ ಮಾಡಿಸುವ ಕಂತ್ರಾಟುದಾರ ಬೇರೆ, ಅಳತೆ ತೆಗೆದು ಪುಸ್ತಕದಲ್ಲಿ ಬರೆಯುವವರು ಬೇರೆ. ಇಂಗ್ಲೆಂಡಿನಲ್ಲಿಯೂ ಅದೇ ಕಾಲದಲ್ಲಿ ಈ ವೃತ್ತಿಗಳು ಬೇರೆ ಬೇರೆಯಾಗುತ್ತಿದ್ದವು. ಅಲ್ಲಿ ವಾಸ್ತುಶಿಲ್ಪಿಗಳ ಸಂಸ್ಥೆ ಹುಟ್ಟಿದ್ದು 1834ರಲ್ಲಿ, ಸರ್ವೇಯರರ ಸಂಸ್ಥೆ ಹುಟ್ಟಿದ್ದು 1868ರಲ್ಲಿ. ನಮ್ಮ ದೇಶದಲ್ಲಿ ವಾಸ್ತುಶಿಲ್ಪಿಗಳ ನೋಂದಣಿಗೆ ಕಾಯಿದೆ ಬಂದದ್ದು 1972ರಲ್ಲಿ.

ಸಾಮಗ್ರಿಯೂ ಹೊರಗಿನಿಂದ ಬರತೊಡಗಿತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿನ ಮಾಡುಗಳಾದವು. ಹಂಚು ಬಂದಂತೆ ಪಕ್ಕಾಸು, ರೀಪುಗಳ ಅಂತರವನ್ನೂ ಹಂಚಿನ ಅಳತೆಗೆ ತಕ್ಕಂತೆ ಇಡಬೇಕಾಯಿತು. ಊರ ಬಡಗಿ ಕಾರ್ಖಾನೆಯ ಅಳತೆಗೆ ಹೊಂದಿಕೊಂಡನು.

ಇದರಲ್ಲಿ ಒಳ್ಳೆಯದಿರಲಿಲ್ಲವೆಂದಲ್ಲ. ಲೆಕ್ಕ ಚೊಕ್ಕಟವಾಯಿತು, ಬೆಲೆ ಮೊದಲೇ ತಿಳಿಯುವಂತಾಯಿತು. ಆದರೆ ಕೆಲಸ ಪಾಲಾದಂತೆ ಹೊಣೆಯೂ ಪಾಲಾಯಿತು. ಸ್ಥಪತಿಯ ಜಾಗ ಅನೇಕ ಕಡೆ ಖಾಲಿಯಾಗಿಯೇ ಉಳಿಯಿತು.

ಕಡಲಾಚೆಯ ಎರಡು ದೇವಾಲಯಗಳು

ಈಗ ಹೊರಗುತ್ತಿಗೆ ಸಮುದ್ರ ದಾಟಿದೆ. ಪರದೇಶದ ಕಟ್ಟಡಗಳ ನಕ್ಷೆಗಳನ್ನು ಬೆಂಗಳೂರು, ಚೆನ್ನೈಗಳ ಕಚೇರಿಗಳಲ್ಲಿ ನಮ್ಮ ಮಕ್ಕಳು ಕಂಪ್ಯೂಟರಿನಲ್ಲಿ ಬರೆದು ಕಳುಹಿಸುತ್ತಾರೆ. ದೇವಾಲಯಗಳ ವಿಷಯದಲ್ಲಿಯೂ ಹೀಗೆಯೇ ನಡೆದಿದೆ.

ಲಂಡನ್ನಿನ ನೀಸ್ಡನ್‌ನಲ್ಲಿರುವ ಸ್ವಾಮಿನಾರಾಯಣ ಮಂದಿರಕ್ಕೆ ಬಲ್ಗೇರಿಯಾದ ಸುಣ್ಣಕಲ್ಲು, ಇಟಲಿಯ ಅಮೃತಶಿಲೆಗಳನ್ನು ಹಡಗಿನಲ್ಲಿ ಭಾರತಕ್ಕೆ ತಂದು, ಇಲ್ಲಿನ ಕುಶಲಿಗರಿಂದ ಕೆತ್ತಿಸಿ, ಅಂದಾಜು 26,300 ತುಂಡುಗಳಾಗಿ ಲಂಡನ್ನಿಗೆ ಸಾಗಿಸಿ ಜೋಡಿಸಲಾಯಿತು. ಅದರ ಪ್ರತಿಷ್ಠೆ ನಡೆದದ್ದು 1995ರ ಆಗಸ್ಟ್ 20ರಂದು. ಅಷ್ಟು ತುಂಡುಗಳಲ್ಲಿ ಒಂದರ ಅಳತೆ ತಪ್ಪಿದರೂ ಅಲ್ಲಿ ಕೆಲಸ ನಿಲ್ಲುತ್ತಿತ್ತು. ಬಂದ ಭಕ್ತರು ಸ್ವಯಂಸೇವಕರಾಗಿ ದುಡಿದದ್ದೂ ಪ್ರಸಿದ್ಧವೇ ಆಗಿದೆ.

ಇನ್ನೊಂದು ಹವಾಯಿಯ ಕವಾಯಿ ದ್ವೀಪದ ಇರೈವನ್ ಶಿವಾಲಯ. ಕನ್ಯಾಕುಮಾರಿಯ ತಿರುವಳ್ಳುವರ್ ಪ್ರತಿಮೆಯ ಶಿಲ್ಪಿ ವಿ. ಗಣಪತಿ ಸ್ಥಪತಿಯವರು (1927-2011) ಇದರ ನಕ್ಷೆ ಮಾಡಿದವರು. ಬೆಂಗಳೂರಿನ ಸಮೀಪ 1990ರಲ್ಲಿ ಕೆತ್ತನೆ ಆರಂಭವಾಯಿತು. ಯಂತ್ರಗಳನ್ನು ಆದಷ್ಟು ದೂರವಿಟ್ಟು ಉಳಿ ಸುತ್ತಿಗೆಗಳಿಂದಲೇ ಗ್ರಾನೈಟ್ ಕಲ್ಲುಗಳನ್ನು ಕೆತ್ತಿದರು. ಅಡಿಪಾಯದ ಕಾಂಕ್ರೀಟಿನ ಸಲಹೆ ಅಮೆರಿಕದಲ್ಲಿದ್ದ ಭಾರತೀಯ ತಜ್ಞ ಪ್ರೊ. ಕುಮಾರ್ ಮೆಹ್ತಾ ಅವರದ್ದು. ಸಾವಿರ ವರ್ಷ ಬಾಳಬೇಕೆಂಬ ಉದ್ದೇಶದಿಂದ ಹಾರುಬೂದಿ ಬೆರೆಸಿದ ಆ ಕಾಂಕ್ರೀಟನ್ನು 1999ರಲ್ಲಿ ಹಾಕಲಾಯಿತು. ಕುಂಭಾಭಿಷೇಕವಾದದ್ದು 2023ರಲ್ಲಿ. ನಕ್ಷೆ ಒಬ್ಬರದ್ದು, ಅಡಿಪಾಯ ಇನ್ನೊಬ್ಬರದ್ದು, ಕೆತ್ತನೆ ಸಾವಿರಾರು ಮೈಲು ದೂರದಲ್ಲಿ. ಆದರೂ ಕೆಲಸ ಕೈ ತಪ್ಪಲಿಲ್ಲ. ಯಾಕೆಂದರೆ ಆ ಮಠದವರು ಮೇಲ್ವಿಚಾರಣೆಯನ್ನು ಮಾತ್ರ ಯಾರಿಗೂ ಒಪ್ಪಿಸಲಿಲ್ಲ. ತಮ್ಮದೇ ಅನುಯಾಯಿ ಕುಟುಂಬವೊಂದನ್ನು ಬೆಂಗಳೂರಿನಲ್ಲೇ ನೆಲೆಸುವಂತೆ ಮಾಡಿ ಕೆಲಸ ನೋಡಿಕೊಂಡರು.

ಹೊಣೆ ಯಾರದ್ದೂ ಅಲ್ಲವಾದಾಗ

ಮೇಲ್ವಿಚಾರಣೆ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ದೇವಾಲಯದ ಆಚೆಗಿನ ಒಂದು ದುರಂತವನ್ನು ಹೇಳಲೇಬೇಕು. ಅಮೆರಿಕದ ಕಾನ್ಸಾಸ್ ಸಿಟಿಯ ದೊಡ್ಡ ಹೋಟೆಲೊಂದರಲ್ಲಿ ಜನ ಓಡಾಡುವ ಎರಡು ಸೇತುವೆಗಳನ್ನು ಒಂದರ ಕೆಳಗೆ ಒಂದರಂತೆ ಮಾಡಿನಿಂದ ಕಬ್ಬಿಣದ ಸರಳುಗಳಲ್ಲಿ ತೂಗುಬಿಟ್ಟಿದ್ದರು. ಮೊದಲಿನ ನಕ್ಷೆಯಲ್ಲಿ ಒಂದೇ ಉದ್ದ ಸರಳು ಎರಡನ್ನೂ ಹಿಡಿಯಬೇಕಿತ್ತು. ಕೆಲಸ ಸುಲಭವಾಗಲೆಂದು ಅದನ್ನು ಎರಡು ತುಂಡು ಮಾಡಿ, ಕೆಳಗಿನ ಸೇತುವೆಯನ್ನು ಮೇಲಿನ ಸೇತುವೆಗೇ ನೇತುಹಾಕಿದರು. ಒಂದೇ ಹಗ್ಗಕ್ಕೆ ಎರಡು ಕೊಡಗಳನ್ನು ಬೇರೆ ಬೇರೆ ಗಂಟು ಹಾಕಿ ಕಟ್ಟುವುದು ಬೇರೆ, ಎರಡನೆಯ ಕೊಡವನ್ನು ಮೊದಲ ಕೊಡದ ಕಂಠಕ್ಕೆ ಕಟ್ಟುವುದು ಬೇರೆ. ಮೇಲಿನ ಗಂಟಿನ ಮೇಲೆ ಬೀಳುವ ಭಾರ ಇಮ್ಮಡಿಯಾಯಿತು.

ಜೋಡಣೆಯ ಲೆಕ್ಕವನ್ನು ಕಬ್ಬಿಣದ ಕೆಲಸದವರು ಮಾಡುತ್ತಾರೆಂದು ಇಂಜಿನಿಯರರು ತಿಳಿದರು. ಇಂಜಿನಿಯರರ ನಕ್ಷೆಯಲ್ಲಿ ಲೆಕ್ಕ ಮುಗಿದಿದೆಯೆಂದು ಕಬ್ಬಿಣದ ಕೆಲಸದವರು ತಿಳಿದು, ವಿವರದ ನಕ್ಷೆಗಳನ್ನು ಮತ್ತೊಬ್ಬರಿಗೆ ಒಪ್ಪಿಸಿದರು. ನಕ್ಷೆಗಳ ಮೇಲೆ ಪರಿಶೀಲನೆಯ ಮುದ್ರೆ ಬಿತ್ತು, ಪರಿಶೀಲನೆ ಮಾತ್ರ ಯಾರೂ ಮಾಡಲಿಲ್ಲ. 1981ರ ಜುಲೈ 17ರ ಸಂಜೆ ಜನ ತುಂಬಿದ್ದಾಗ ಸೇತುವೆಗಳು ಕುಸಿದು 114 ಮಂದಿ ಪ್ರಾಣ ಕಳೆದುಕೊಂಡರು. ವಿಚಾರಣೆಯ ನಂತರ ಹೊಣೆಗಾರ ಇಂಜಿನಿಯರರ ಪರವಾನಗಿ ರದ್ದಾಯಿತು. ಬೇರೆಯವರು ಮಾಡಿದರೆಂಬ ಮಾತು ಅವರನ್ನು ಉಳಿಸಲಿಲ್ಲ. ಕೆಲಸವನ್ನು ಒಪ್ಪಿಸಬಹುದು, ಹೊಣೆಯನ್ನು ಒಪ್ಪಿಸಲಾಗದು ಎಂಬ ಪಾಠ ಅಲ್ಲಿಂದ ಬಂತು.

ಇದು ದೂರದ ಮಾತೆಂದು ತಿಳಿಯಬೇಡಿ. ಜಾತ್ರೆಯ ದಿನ ನಮ್ಮ ಸಭಾಮಂಟಪದ ಮಾಡಿನ ಕೆಳಗೆ ಎಷ್ಟು ತಾಯಂದಿರು, ಎಷ್ಟು ಮಕ್ಕಳು ಕೂರುತ್ತಾರೆ ನೋಡಿ.

ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನ ದೇವಸ್ಥಾನದ ಸಭಾಭವನದ ಕೆಲಸದಲ್ಲಿ ನಾನೂ ಸಲಹೆಗಾರನಾಗಿದ್ದೆ. ಮೊದಲ ಮಳೆಗಾಲದಲ್ಲೇ ಮಾಡು ಸೋರಿ ಪಾಕಶಾಲೆಯ ಗೋಡೆ ಒದ್ದೆಯಾಯಿತು. ನಕ್ಷೆ ಮಾಡಿದವರು ಕಂತ್ರಾಟುದಾರರನ್ನು ದೂರಿದರು, ಅವರು ತಗಡು ಹೊದೆಸಿದವರನ್ನು ದೂರಿದರು, ತಗಡಿನವರ ಫೋನು ಎತ್ತುವವರಿಲ್ಲ. ನೀರು ಹೋಗುವ ದಾರಿ ತೋರಿಸುವ ನಕ್ಷೆ ಎಲ್ಲಿದೆಯೆಂದು ಕೇಳಿದರೆ ಸಮಿತಿಯವರ ಕೈಯಲ್ಲಿ ಒಂದು ಪ್ರತಿಯೂ ಇರಲಿಲ್ಲ. ತಪ್ಪು ಅವರೊಬ್ಬರದ್ದಲ್ಲ. ನಕ್ಷೆಯ ಪ್ರತಿ ತೆಗೆದಿಡಿ ಎಂದು ಹೇಳಬೇಕಾಗಿದ್ದವನು ನಾನು. ಹೇಳಿರಲಿಲ್ಲ. ಆ ವರ್ಷ ಊರವರು ಮಳೆಯಲ್ಲೇ ಅನ್ನ ಬಡಿಸಿದ ದೃಶ್ಯ ನನ್ನ ಕಣ್ಣ ಮುಂದೆ ಈಗಲೂ ಇದೆ.

ಊರವರದ್ದು ಏನು?

ಕಟ್ಟೆಯ ಮೇಲೆ ಕುಳಿತ ಹಿರಿಯರ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ವಿದ್ಯೆ ಹೊರಗಿನಿಂದ ಬರಲಿ. ಪಟ್ಟದಕಲ್ಲಿಗೂ ಬೇಲೂರಿಗೂ ಹಾಗೆಯೇ ಬಂತು. ಆದರೆ ನೋಡುವ ಕಣ್ಣು, ಕೇಳುವ ಬಾಯಿ, ನೆನಪಿಡುವ ಪುಸ್ತಕ, ಈ ಮೂರು ಊರಿನದ್ದೇ ಆಗಿರಬೇಕು.

ನಮ್ಮ ಸಮಿತಿ ಈ ಸಲ ಅದಕ್ಕೆ ಪ್ರಯತ್ನಿಸಿದೆ. ಪ್ರತಿಯೊಬ್ಬರ ಕೆಲಸ ಎಲ್ಲಿಂದ ಎಲ್ಲಿಯ ವರೆಗೆ ಎಂಬುದನ್ನು ಬರೆದಿಡಲಾಯಿತು. ಎಲ್ಲಕ್ಕೂ ಉತ್ತರ ಕೊಡುವವರೊಬ್ಬರನ್ನು ಮೊದಲೇ ನಿಶ್ಚಯಿಸಲಾಯಿತು. ಊರಿನ ಇಬ್ಬರು ಯುವಕರು ದಿನಂಪ್ರತಿ ಕೆಲಸದ ಜಾಗದಲ್ಲಿದ್ದು ದಿನಚರಿ ಬರೆದರು. ಆಲಯ ಪರಿಗ್ರಹದ ದಿನ ಬೀಗದ ಕೈಯೊಂದಿಗೆ ನಕ್ಷೆಗಳ ಕಟ್ಟು, ತಾಮ್ರದ ಹೊದಿಕೆಯ ಜೋಡಣೆಯ ವಿವರ, ಮರಕ್ಕೆ ಎಣ್ಣೆ ಕೊಡುವ ಕಾಲ, ನೀರು ಹರಿಯುವ ದಾರಿಗಳ ಗುರುತು, ಇವೆಲ್ಲವನ್ನೂ ಕೇಳಿ ಪಡೆಯಬೇಕೆಂದು ತೀರ್ಮಾನವಾಗಿದೆ. ಅದನ್ನು ದೇವಸ್ಥಾನದ ಪೆಟ್ಟಿಗೆಯಲ್ಲಿ ಆಭರಣಗಳಷ್ಟೇ ಜೋಪಾನವಾಗಿ ಇಡಬೇಕು. ನಮ್ಮ ಮೊಮ್ಮಕ್ಕಳು ಮುಂದಿನ ಜೀರ್ಣೋದ್ಧಾರಕ್ಕೆ ಕೈಹಾಕುವಾಗ ಅವರಿಗೆ ದಾರಿ ತೋರುವುದು ಅದೇ.

ಕೊನೆಯದಾಗಿ ನನ್ನದೊಂದು ವಿನಂತಿ. ಈ ಸಂಚಿಕೆಯಲ್ಲಿ ದಾನಿಗಳ ಹೆಸರುಗಳು ಪುಟಗಟ್ಟಲೆ ಇವೆ, ಗೋಡೆಯ ಅಮೃತಶಿಲೆಯಲ್ಲಿಯೂ ಇವೆ. ಅದು ಸರಿಯೇ. ಆದರೆ ಮುರಕಲ್ಲು ಕೆತ್ತಿದವರು, ಮುಚ್ಚಿಗೆ ಕೂಡಿಸಿದವರು, ಮಾಡಿನ ತುದಿಯಲ್ಲಿ ಬಿಸಿಲಿಗೆ ಒಡ್ಡಿಕೊಂಡು ತಗಡು ಬಡಿದವರು, ದೂರದ ರಾಜ್ಯಗಳಿಂದ ಬಂದು ಶೆಡ್ಡಿನಲ್ಲಿ ಮಲಗಿ ನಮ್ಮ ಪಂಚಾಂಗ ತುಂಬಿದ ಹುಡುಗರು, ಇವರ ಹೆಸರುಗಳು ಎಲ್ಲಿವೆ? ದಿನಚರಿಯಲ್ಲಿ ಎಲ್ಲವೂ ಬರೆದಿದೆ. ಗುಂಡನ ಹೆಸರನ್ನು ಕಲ್ಲಿನಲ್ಲಿ ಉಳಿಸಿದ ಲೋಕಮಹಾದೇವಿಯ ನಾಡಿನ ಭಾಷೆಯನ್ನು ಆಡುವವರು ನಾವು. ಸುತ್ತುಪೌಳಿಯ ಒಂದು ಮೂಲೆಯಲ್ಲಾದರೂ ಆ ಹೆಸರುಗಳ ಕಲ್ಲೊಂದನ್ನು ನಿಲ್ಲಿಸುವಂತಾಗಲಿ.

ಕಟ್ಟಿಸಿದವರನ್ನೂ ಕಟ್ಟಿದವರನ್ನೂ ನೋಡಲು ಬಂದ ಭಕ್ತಜನರನ್ನೂ ಶ್ರೀ ದೇವರು ಸಮಾನವಾಗಿ ಅನುಗ್ರಹಿಸಲಿ ಎಂದು ಪ್ರಾರ್ಥಿಸುತ್ತೇನೆ.